ಗಾಳಿಗೆ ಸೋಲುವ ಲೋಹ

1989ರ ಜುಲೈ 19. ಡೆನ್ವರ್‌ನಿಂದ ಶಿಕಾಗೊಗೆ ಹೊರಟಿದ್ದ ಯುನೈಟೆಡ್ ಏರ್‌ಲೈನ್ಸ್‌ನ ಡಿಸಿ-10 ವಿಮಾನ 37,000 ಅಡಿ ಎತ್ತರದಲ್ಲಿದ್ದಾಗ ಅದರ ಬಾಲದ ಎಂಜಿನ್ ಸಿಡಿಯಿತು. ಮುಂಭಾಗದ ಫ್ಯಾನಿನ ಬ್ಲೇಡುಗಳನ್ನೆಲ್ಲ ಹಿಡಿದುಕೊಂಡು ತಿರುಗುವ, ಸುಮಾರು 168 ಕಿಲೊ ತೂಕದ ಟೈಟಾನಿಯಂ ಡಿಸ್ಕ್ ಒಡೆದುಹೋಗಿತ್ತು. ಚೂರುಗಳು ಬಡಿದು ಮೂರೂ ಹೈಡ್ರಾಲಿಕ್ ವ್ಯವಸ್ಥೆಗಳು ಬರಿದಾದವು. ಚುಕ್ಕಾಣಿ ಸತ್ತ ಆ ವಿಮಾನವನ್ನು ಕ್ಯಾಪ್ಟನ್ ಆಲ್ ಹೇನ್ಸ್ ಮತ್ತು ಸಂಗಡಿಗರು, ಉಳಿದೆರಡು ಎಂಜಿನ್‌ಗಳ ವೇಗವನ್ನಷ್ಟೇ ಏರಿಸಿ ಇಳಿಸಿ, ಅಯೋವಾದ ಸೂ ಸಿಟಿವರೆಗೆ ತಂದರು. ಅದರಲ್ಲಿದ್ದ 296 ಜನರಲ್ಲಿ 184 ಮಂದಿ ಬದುಕಿ ಉಳಿದರು.

ಡಿಸ್ಕಿನ ತುಂಡುಗಳು ತಿಂಗಳುಗಳ ಬಳಿಕ ಮೆಕ್ಕೆಜೋಳದ ಹೊಲಗಳಲ್ಲಿ ಸಿಕ್ಕವು. ಅದರ ನಡುವಿನ ರಂಧ್ರದ ಗೋಡೆಯಲ್ಲಿ ಒಂದೂವರೆ ಮಿಲಿಮೀಟರಿಗಿಂತ ಚಿಕ್ಕದೊಂದು ಗುಳಿ ಇತ್ತು. 1970ರ ದಶಕದ ಆರಂಭದಲ್ಲಿ ಲೋಹವನ್ನು ಕರಗಿಸಿದಾಗ, ಸಾರಜನಕ ಹೀರಿ ಗಡುಸಾದ ಕಣವೊಂದು ಬೆಂದ ಅನ್ನದೊಳಗಿನ ಕಲ್ಲಿನಂತೆ ಉಳಿದುಬಿಟ್ಟಿತ್ತು. ಅಲ್ಲಿಂದ ಹುಟ್ಟಿದ ಬಿರುಕು, 15,000ಕ್ಕೂ ಹೆಚ್ಚು ಹಾರಾಟಗಳಲ್ಲಿ ಒಂದೊಂದು ಸಲಕ್ಕೂ ಕೂದಲೆಳೆಯಷ್ಟೂ ಅಲ್ಲದಷ್ಟು ಬೆಳೆಯಿತು. 1988ರ ತಪಾಸಣೆಯ ಹೊತ್ತಿಗೆ ಬಿರುಕು ಆಗಲೇ ಇತ್ತು. ಆದರೆ ಯಾರ ಕಣ್ಣಿಗೂ ಬೀಳಲಿಲ್ಲ.

ಟೈಟಾನಿಯಂ ಎಂದರೆ ಮಹಾಗಟ್ಟಿ ಎಂದು ಕೈಗಡಿಯಾರದ ಜಾಹೀರಾತುಗಳು ಹೇಳುತ್ತವೆ. ಅದು ಅರ್ಧ ಸತ್ಯ. ಇದು ಗಾಳಿಯನ್ನು ಕಂಡರೆ ಸೋಲುವ ಲೋಹ. ಇದರ ಒಳ್ಳೆಯದರ ಒಂದು ಪಾಲೂ ಕೆಟ್ಟದ್ದೂ ಆ ಒಂದೇ ಗುಣದಿಂದ ಬಂದಿವೆ.

ಒಳ್ಳೆಯದು ಮೊದಲು. ಉಕ್ಕಿನ ಸಾಂದ್ರತೆ ನೀರಿನ 7.8 ಪಟ್ಟು, ಟೈಟಾನಿಯಂನದು 4.5 ಪಟ್ಟು. ನೂರಕ್ಕೆ ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವೆನೇಡಿಯಂ ಬೆರೆಸಿದ ಮಿಶ್ರಲೋಹ ಒಳ್ಳೆಯ ಉಕ್ಕಿನ ಸಮಕ್ಕೆ ಭಾರ ಹೊರುತ್ತದೆ. ಅಲ್ಯೂಮಿನಿಯಂ ಮೆತ್ತಗಾಗುವ ಬಿಸಿಯಲ್ಲೂ ಅದು ಕುಗ್ಗುವುದಿಲ್ಲ. ಶಬ್ದದ ಮೂರು ಪಟ್ಟು ವೇಗದಲ್ಲಿ ಹಾರಿ ಕಾದು ಹೋಗುತ್ತಿದ್ದ ಎಸ್‌ಆರ್-71 ಬೇಹು ವಿಮಾನದ ಮೈಯೆಲ್ಲ ಬಹುಪಾಲು ಟೈಟಾನಿಯಂ ಆಗಿದ್ದದ್ದು ಅದಕ್ಕೇ. ಗಾಳಿ ಸೋಕಿದ ಕ್ಷಣವೇ ಇದರ ಮೇಲೆ ಆಕ್ಸೈಡಿನ ತೆಳುಪೊರೆ ಕಟ್ಟಿಕೊಳ್ಳುತ್ತದೆ. ಗೀಚಿದರೆ ಮತ್ತೆ ಕೂಡುತ್ತದೆ. ಹಾಗಾಗಿ ಇದಕ್ಕೆ ತುಕ್ಕಿನ ಭಯವಿಲ್ಲ. ಕಾರ್ಬನ್ ನಾರಿನ ದೇಹವಿರುವ ಬೋಯಿಂಗ್ 787ರಲ್ಲಿ ತೂಕದ ಸುಮಾರು ಶೇಕಡಾ 15 ಟೈಟಾನಿಯಂ. ಕಾರ್ಬನ್‌ಗೆ ತಾಗಿದ ಅಲ್ಯೂಮಿನಿಯಂ ಸವೆಯುತ್ತದೆ, ಟೈಟಾನಿಯಂ ಸವೆಯುವುದಿಲ್ಲ.

ಬಿಸಿಯಾದಾಗ ಮಾತ್ರ ಗಾಳಿಗೆ ಸೋಲುವ ಇದೇ ಗುಣ ಶತ್ರುವಾಗುತ್ತದೆ. ಟೈಟಾನಿಯಂ ಕರಗುವುದು 1668 ಡಿಗ್ರಿ ಸೆಲ್ಸಿಯಸ್‌ನಲ್ಲಿ, ನಿಕ್ಕಲ್ 1455ರಲ್ಲಿ. ಆದರೂ ಎಂಜಿನ್ನಿನ ಧಗಧಗಿಸುವ ಟರ್ಬೈನಿಗೆ ನಿಕ್ಕಲ್ ಮಿಶ್ರಲೋಹವೇ ಬೇಕು. ಟೈಟಾನಿಯಂಗೆ ಸಿಗುವುದು ಮುಂದಿನ ಫ್ಯಾನು ಮತ್ತು ಕಂಪ್ರೆಸರು. ಸುಮಾರು 600 ಡಿಗ್ರಿ ದಾಟಿದರೆ ಅದು ಆಮ್ಲಜನಕವನ್ನು ಮೈಯೊಳಗೇ ಹೀರಿಕೊಂಡು ಪೆಡಸಾಗುತ್ತದೆ. ಉಜ್ಜಿದ ಬಿಸಿಗೆ ಹೊತ್ತಿಕೊಂಡು ಉರಿದದ್ದೂ ಇದೆ.

ಅದಿರಿನಿಂದ ಲೋಹ ತೆಗೆಯುವಾಗಲೂ ಗಾಳಿ ಸುಳಿಯುವಂತಿಲ್ಲ. ವಿಲಿಯಂ ಕ್ರೋಲ್ ರೂಪಿಸಿದ ವಿಧಾನದಲ್ಲಿ ಅದಿರನ್ನು ಕ್ಲೋರೈಡ್ ಮಾಡಿ, ಆರ್ಗಾನ್ ಅನಿಲದ ಮರೆಯಲ್ಲಿ ಮೆಗ್ನೀಸಿಯಂ ಜತೆ ಕಾಯಿಸುತ್ತಾರೆ. ಆಗ ಸಿಗುವುದು ತೂತುತೂತಾದ ಸ್ಪಂಜು. ಅದನ್ನು ನಿರ್ವಾತದಲ್ಲಿ ಕರಗಿಸಬೇಕು. ಸೂ ಸಿಟಿಯ ಡಿಸ್ಕಿನ ಲೋಹವನ್ನು ಹೀಗೆ ಕರಗಿಸಿದ್ದು ಎರಡು ಸಲ. ಆಮೇಲೆ ಮೂರು ಸಲ ಕರಗಿಸುವ ಪದ್ಧತಿ ಬಂತು. ಅದಕ್ಕೂ ಮುಂದೆ ಹೋಗಿ, ತಂಪು ತಾಮ್ರದ ಅಗಲ ಬಾಣಲೆಯಲ್ಲಿ ನಿಧಾನವಾಗಿ ಹರಿಸಿ, ಗಡುಸು ಕಣಗಳು ಕರಗಲು ಸಮಯ ಕೊಡುವ ಕ್ರಮವೂ ಬಂತು. ನನ್ನ ಲೆಕ್ಕದಲ್ಲಿ ವಿಮಾನದ ಸುರಕ್ಷತೆ ಆರಂಭವಾಗುವುದು ಈ ಕುಲುಮೆಯಲ್ಲೇ.

ನಮ್ಮ ದೇಶಕ್ಕೆ ಅದಿರಿನ ಕೊರತೆಯಿಲ್ಲ. ಕೇರಳದ ಚವರ ತೀರದ ಕಪ್ಪು ಮರಳಿನಲ್ಲೇ ಇಲ್ಮನೈಟ್ ಇದೆ. ಸ್ಪಂಜು ಮಾಡುವ ಘಟಕ ಅಲ್ಲಿ ಶುರುವಾದದ್ದು 2011ರಲ್ಲಿ. ಆಮೇಲೆ ಬರುವುದು ಲೋಹವನ್ನು ಬಡಿದು ರೂಪ ಕೊಡುವ ಕಷ್ಟ. ಕಾದ ಲೋಹ ತಣ್ಣನೆಯ ಅಚ್ಚಿಗೆ ತಾಗಿದರೆ ಕೆಡುತ್ತದೆ. ಹಾಗಾಗಿ ಅಚ್ಚನ್ನೂ ಲೋಹದಷ್ಟೇ ಕಾಯಿಸಿ ನಿಧಾನವಾಗಿ ಒತ್ತಬೇಕು. ಹೈದರಾಬಾದಿನ ರಕ್ಷಣಾ ಲೋಹ ಸಂಶೋಧನಾ ಪ್ರಯೋಗಾಲಯ ತನ್ನ 2,000 ಟನ್ ಒತ್ತುಯಂತ್ರದಲ್ಲಿ ಇದನ್ನು ಸಾಧಿಸಿತು. ಜಾಗ್ವಾರ್ ಮತ್ತು ಹಾಕ್ ವಿಮಾನಗಳ ಅಡೂರ್ ಎಂಜಿನ್ನಿಗಾಗಿ ಹಾಗೆ ಒತ್ತಿದ 200 ಟೈಟಾನಿಯಂ ಕಂಪ್ರೆಸರ್ ಡಿಸ್ಕ್‌ಗಳು ಬೆಂಗಳೂರಿನ ಎಚ್‌ಎಎಲ್‌ಗೆ ಬಂದಿವೆ.