ಬಯಲುಸೀಮೆಯ ಮಳೆಯನ್ನು ಸೀಸೆಯಲ್ಲಿ ಹಿಡಿಯುವ ಬಗೆ

ಮುಗಿಲಿನಿಂದ ಬಿದ್ದ ನೀರಿಗಿಂತ ನಿರ್ಮಲವಾದ ನೀರಿಲ್ಲವೆಂದು ಹಿರಿಯರು ಹೇಳುವುದನ್ನು ನಾವೆಲ್ಲರೂ ಕೇಳಿದ್ದೇವೆ. ರಸಾಯನಶಾಸ್ತ್ರವು ಈ ಮಾತನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಹನಿಯು ಮೋಡದಲ್ಲಿ ರೂಪುಗೊಳ್ಳುವಾಗಲೇ ಧೂಳಿನದೋ ಉಪ್ಪಿನದೋ ಒಂದು ಕಣವನ್ನು ಗರ್ಭದಲ್ಲಿ ಧರಿಸಿರುತ್ತದೆ. ನೆಲಕ್ಕಿಳಿಯುವ ದಾರಿಯಲ್ಲಿ ಗಾಳಿಯೊಳಗಿನ ಅನಿಲಗಳನ್ನೂ ಕಣಗಳನ್ನೂ ತೊಳೆದು ತನ್ನೊಡನೆ ತರುತ್ತದೆ. ಇಂಗಾಲದ ಡೈ ಆಕ್ಸೈಡ್ ಒಂದೇ ಕರಗಿದರೂ ನೀರಿನ ಪಿಎಚ್ ಮೌಲ್ಯವು 7ರಿಂದ ಸುಮಾರು 5.6ಕ್ಕೆ ಇಳಿಯುವುದು. ಕಲ್ಲಿದ್ದಲಿನ ಹೊಗೆಯಲ್ಲಿರುವ ಗಂಧಕದ ಅನಿಲವೂ ಸೇರಿತೆಂದರೆ ಹುಳಿ ಇನ್ನೂ ಹೆಚ್ಚು. ಮ್ಯಾಂಚೆಸ್ಟರ್ ಮೊದಲಾದ ಕೈಗಾರಿಕಾ ನಗರಗಳ ಮಳೆಯನ್ನು ಪರೀಕ್ಷಿಸಿದ ರಾಬರ್ಟ್ ಆಂಗಸ್ ಸ್ಮಿತ್ ಎಂಬ ವಿಜ್ಞಾನಿಯು 1872ರ ತನ್ನ ಗ್ರಂಥದಲ್ಲಿ ‘ಆಮ್ಲಮಳೆ’ ಎಂಬ ಮಾತನ್ನು ಬಳಸಿದನು.

ನಮ್ಮ ದೇಶದ ಬಹುಭಾಗದಲ್ಲಿ ಕಥೆ ಬೇರೆ. ಇಲ್ಲಿನ ಒಣನೆಲದಿಂದ ಏಳುವ ಧೂಳಿನಲ್ಲಿ ಸುಣ್ಣದ ಅಂಶವುಂಟು. ಅದು ಮಳೆಯ ಆಮ್ಲವನ್ನು ಅಡಗಿಸಿಬಿಡುತ್ತದೆ. ಆದಕಾರಣ ಅನೇಕ ಸ್ಥಳಗಳಲ್ಲಿ ಮಳೆಯ ಪಿಎಚ್ 6ನ್ನೂ ಮೀರುವುದುಂಟು. ಧೂಳು ಕಡಮೆಯಾಗಿ ಹೊಗೆ ಹೆಚ್ಚಾದರೆ ಈ ತೂಕ ಯಾವ ಕಡೆಗೆ ವಾಲೀತು? ವರ್ಷಗಟ್ಟಲೆ ಮಳೆನೀರನ್ನು ಹಿಡಿದು ಪರೀಕ್ಷಿಸದೆ ಇದಕ್ಕೆ ಉತ್ತರವಿಲ್ಲ. ಭಾರತದ ಹವಾಮಾನ ಇಲಾಖೆಯು 1970ರ ದಶಕದಲ್ಲಿ ಜೋಧಪುರ, ನಾಗಪುರ, ಪುಣೆ, ವಿಶಾಖಪಟ್ಟಣ, ಕೊಡೈಕೆನಾಲ್ ಮೊದಲಾದ ಸ್ಥಳಗಳಲ್ಲಿ ಈ ಕಾರ್ಯವನ್ನು ಆರಂಭಿಸಿತು. ಆ ಹತ್ತು ಕೇಂದ್ರಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ, ಮೊಳಕಾಲ್ಮೂರು ತಾಲ್ಲೂಕುಗಳನ್ನೇ ತೆಗೆದುಕೊಳ್ಳೋಣ. ಪಶ್ಚಿಮಘಟ್ಟಗಳ ಮಳೆನೆರಳಿನಲ್ಲಿರುವ ಈ ನಾಡಿಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 500 ಮಿಲಿಮೀಟರಿನ ಆಸುಪಾಸು. ಆಗುಂಬೆಗೆ ಬೀಳುವುದು 7000ಕ್ಕೂ ಹೆಚ್ಚು. ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿಗಳಲ್ಲಿ ನೆಟ್ಟ ದೂರಸಂವೇದಿ ಮಳೆಮಾಪಕಗಳು ಎಷ್ಟು ಮಳೆ ಬಿತ್ತೆಂಬುದನ್ನು ತಿಳಿಸುತ್ತವೆ. ಮಳೆಯಲ್ಲಿ ಏನು ಬಿತ್ತೆಂಬುದು ಅವುಗಳ ಕೆಲಸವಲ್ಲ. ಆ ಕೆಲಸಕ್ಕೆ ಬೇಕಾದುದು ಒಂದು ಆಲಿಕೆ, ಒಂದು ಸೀಸೆ, ಜಾಗರೂಕವಾದ ಎರಡು ಕೈಗಳು. ಇಲ್ಲಿ 50 ಮಿಲಿಮೀಟರಿನ ಒಂದು ಮಳೆಯೆಂದರೆ ವರ್ಷದ ಹತ್ತನೆಯ ಒಂದು ಪಾಲು. ಅಂಥದೊಂದು ಮಾದರಿ ಕೆಟ್ಟರೆ ವರ್ಷದ ಲೆಕ್ಕದಲ್ಲಿಯೇ ದೊಡ್ಡ ತೂತು ಬೀಳುವುದು.

ಮೊದಲು ಸ್ಥಳದ ಆಯ್ಕೆ. ಆಲಿಕೆಯ ಬಾಯಿ ನೆಲದಿಂದ ಒಂದೂಕಾಲು ಮೀಟರಾದರೂ ಮೇಲಿರಲಿ. ಇಲ್ಲವಾದರೆ ಕೆಂಪು ಮಣ್ಣು ಹನಿಯೊಡನೆ ಸಿಡಿದು ಒಳಗೆ ಬೀಳುತ್ತದೆ. ಸುತ್ತಲಿನ ಮರ, ಕಟ್ಟಡಗಳು ತಮ್ಮ ಎತ್ತರದ ಎರಡರಷ್ಟಾದರೂ ದೂರದಲ್ಲಿರಬೇಕು. ಮಣ್ಣುರಸ್ತೆ, ಶೇಂಗಾ ಬಡಿಯುವ ಕಣ, ಇಟ್ಟಿಗೆಗೂಡುಗಳ ನೆರೆ ಸಲ್ಲದು. ಕುರಿರೊಪ್ಪವಂತೂ ಬೇಡವೇ ಬೇಡ. ಕುರಿಸಾಕಣೆಗೆ ಹೆಸರಾದ ಈ ಸೀಮೆಯಲ್ಲಿ ರೊಪ್ಪವಿಲ್ಲದ ಮೂಲೆಯನ್ನು ಹುಡುಕುವುದು ಸುಲಭವಲ್ಲವೆಂದು ಬಲ್ಲೆವು. ಆದರೂ ಗೊಬ್ಬರದಿಂದ ಏಳುವ ಅಮೋನಿಯ ಅನಿಲವು ಮಳೆನೀರಿನಲ್ಲಿ ಬಹು ಬೇಗ ಕರಗುವುದರಿಂದ, ನಾವು ಅಳೆಯುವುದು ಸೀಮೆಯ ಮಳೆಯನ್ನಲ್ಲ, ಆ ರೊಪ್ಪವನ್ನು ಎಂದಾಗುತ್ತದೆ.

ಸೀಸೆ ಪಾಲಿಥೀನಿನದಾಗಿರಲಿ, ಗಾಜಿನಿಂದ ಸೋಡಿಯಂ ನೀರಿಗೆ ಇಳಿಯುತ್ತದೆ. ತೊಳೆಯಲು ಸಾಬೂನು ಬಳಸದೆ ಅಯಾನುಗಳನ್ನು ನೀಗಿದ ನೀರಿನಿಂದ ಹಲವು ಸಾರಿ ಜಾಲಿಸಬೇಕು. ಆಲಿಕೆಯ ಒಳಮೈಯನ್ನು ಬೆರಳು ಸೋಕಬಾರದು. ಇದು ಅತಿಶಯದ ಎಚ್ಚರಿಕೆಯಲ್ಲ, ಲೆಕ್ಕ ಹಾಕಿ ನೋಡಿ: ಬೆವರಿನ ಒಂದು ಲೀಟರಿನಲ್ಲಿ ಸುಮಾರು 1 ಗ್ರಾಂ ಸೋಡಿಯಂ ಇರಬಲ್ಲದು. ಒಂದು ಹನಿ, ಅಂದರೆ 0.05 ಮಿಲಿಲೀಟರ್ ಬೆವರು 100 ಮಿಲಿಲೀಟರಿನ ಮಾದರಿಗೆ ಬಿದ್ದರೆ ಲೀಟರಿಗೆ ಅರ್ಧ ಮಿಲಿಗ್ರಾಂ ಸೋಡಿಯಂ ಏರುತ್ತದೆ. ಸಮುದ್ರದಿಂದ ದೂರವಿರುವ ನಾಡಿನ ಮಳೆಯಲ್ಲಿ ಸಹಜವಾಗಿ ಇರುವುದೇ ಹೆಚ್ಚುಕಡಮೆ ಅಷ್ಟು!

ಎಲ್ಲಕ್ಕಿಂತ ಕಠಿನವಾದುದು ಮುಚ್ಚಳವನ್ನು ಯಾವಾಗ ತೆರೆಯಬೇಕೆಂಬ ಪ್ರಶ್ನೆ. ಬಯಲುಸೀಮೆಯಲ್ಲಿ ಭರಣಿ, ಕೃತ್ತಿಕೆಗಳ ಮಳೆ ಬರುವುದಕ್ಕೆ ಮುನ್ನ ಬಿರುಗಾಳಿ ಬೀಸಿ ಧೂಳೆಬ್ಬಿಸುವುದು ಎಲ್ಲರೂ ಕಂಡ ಸಂಗತಿ. ಮೋಡ ಕಂಡೊಡನೆ ಮುಚ್ಚಳ ತೆಗೆದಿಟ್ಟರೆ ಆಲಿಕೆಯ ತುಂಬ ಧೂಳು ಕೂತು, ಬಳಿಕ ಬಂದ ಮಳೆ ಅದನ್ನು ಕರಗಿಸಿ ಸೀಸೆಗೆ ಇಳಿಸುತ್ತದೆ. ಪಿಎಚ್ ಸುಳ್ಳಾಗಿ ಏರುತ್ತದೆ. ಹಾಗೆಂದು ಮಳೆ ಜೋರಾಗುವವರೆಗೆ ಕಾದರೆ, ಗಾಳಿಯನ್ನು ತೊಳೆದುತಂದ, ಅತ್ಯಂತ ಸಾಂದ್ರವಾದ ಮೊದಲ ಹನಿಗಳು ಕೈತಪ್ಪಿಹೋಗುತ್ತವೆ. ದೊಡ್ಡ ಕೇಂದ್ರಗಳಲ್ಲಿ ಹನಿ ಸೋಕಿದೊಡನೆ ಯಂತ್ರವೇ ಮುಚ್ಚಳವನ್ನು ಸರಿಸುತ್ತದೆ. ನಮ್ಮ ಶಾಲೆ ಕಾಲೇಜುಗಳಲ್ಲಿ ಆ ಯಂತ್ರದ ಸ್ಥಾನವನ್ನು ಸರದಿಯ ವಿದ್ಯಾರ್ಥಿಯೇ ವಹಿಸಬೇಕು: ಮೊದಲ ಹನಿಗೆ ತೆರೆಯುವುದು, ಮಳೆ ನಿಂತೊಡನೆ ಮುಚ್ಚುವುದು, ಎರಡು ವೇಳೆಗಳನ್ನೂ ಬರೆದಿಡುವುದು. ರಾತ್ರಿಯ ಮಳೆಗೆ ಆಲಿಕೆಯನ್ನು ತೆರೆದಿಟ್ಟೇ ಮಲಗಬೇಕಾಗಿ ಬಂದರೆ ಎಷ್ಟು ಗಂಟೆ ತೆರೆದಿತ್ತೆಂದು ಪುಸ್ತಕದಲ್ಲಿ ನಮೂದಿಸಿದರಾಯಿತು. ಹಕ್ಕಿಯ ಹಿಕ್ಕೆ, ಕೀಟ, ಪಕ್ಕದ ಹೊಲದ ಕೂಳೆ ಸುಟ್ಟ ಹೊಗೆ, ಎಲ್ಲವನ್ನೂ ಬರೆಯಿರಿ. ನಕ್ಷತ್ರದ ಹೆಸರನ್ನು ಬರೆದರೆ ಊರಿನ ರೈತರಿಗೆ ಸಂತೋಷ. ತಾರೀಖನ್ನು ಮಾತ್ರ ಬಿಡಬಾರದು.

ಮಳೆಯಿಲ್ಲದ ಒಂದು ದಿನ ಶುದ್ಧೀಕರಿಸಿದ ನೀರನ್ನೇ ಆಲಿಕೆಯ ಮೂಲಕ ಸುರಿದು ಮಾದರಿಯಂತೆಯೇ ಪರೀಕ್ಷೆಗೆ ಕಳುಹಿಸುವುದು ಒಳ್ಳೆಯ ಅಭ್ಯಾಸ. ಅದರಲ್ಲಿ ಕಂಡುಬರುವ ಲವಣವೆಲ್ಲ ನಮ್ಮದು, ಮಳೆಯದಲ್ಲ. ಹಿಡಿದ ನೀರನ್ನು ತಂಪುಪೆಟ್ಟಿಗೆಯಲ್ಲಿ 4 ಡಿಗ್ರಿ ಸೆಲ್ಸಿಯಸ್ಸಿನಲ್ಲಿಡಬೇಕು. ಬೇಸಗೆಯ ಸೆಕೆಯಲ್ಲಿ ಸೂಕ್ಷ್ಮಜೀವಿಗಳು ಅದರೊಳಗಿನ ಅಮೋನಿಯಂ ಅನ್ನು ತಿಂದು ಮುಗಿಸುತ್ತವೆ. ಉಷ್ಣದೇಶಗಳಲ್ಲಿ ಇದಕ್ಕಾಗಿ ಥೈಮಾಲ್ ಹರಳನ್ನು ಹಾಕುವ ಪದ್ಧತಿಯೂ ಉಂಟು. ಲವಣ ಕಡಮೆಯಿರುವ ಮಳೆನೀರಿಗೆ ಪ್ರಯೋಗಶಾಲೆಯ ಪಿಎಚ್ ಕಾಗದ ನಂಬಲರ್ಹವಲ್ಲ. ಮಾಪಕವೇ ಬೇಕು, ಅದರ ಅಂಕಿ ನೆಲೆಗೊಳ್ಳುವವರೆಗೆ ತಾಳ್ಮೆಯೂ ಬೇಕು.

ಮಳೆಯ ಪ್ರಮಾಣವನ್ನು ಪಕ್ಕದ ಸಾಮಾನ್ಯ ಮಳೆಮಾಪಕದಿಂದ ಬೆಳಗ್ಗೆ 8.30ಕ್ಕೆ ಓದಿಕೊಳ್ಳಬೇಕು. ಇದೇಕೆ ಮುಖ್ಯವೆಂದರೆ, 2 ಮಿಲಿಮೀಟರಿನ ತುಂತುರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 8 ಮಿಲಿಗ್ರಾಂ, 30 ಮಿಲಿಮೀಟರಿನ ಹದಮಳೆಯಲ್ಲಿ 1 ಮಿಲಿಗ್ರಾಂ ಇತ್ತೆಂದು ಭಾವಿಸೋಣ. ಕೂಡಿಸಿ ಎರಡರಿಂದ ಭಾಗಿಸಿದರೆ 4.5 ಬರುತ್ತದೆ. ಪ್ರಮಾಣಕ್ಕೆ ತಕ್ಕ ತೂಕ ಕೊಟ್ಟರೆ ನಿಜವಾದ ಸರಾಸರಿ ಸುಮಾರು 1.4 ಮಾತ್ರ. 20 ಸೆಂಟಿಮೀಟರ್ ವ್ಯಾಸದ ಆಲಿಕೆಯಲ್ಲಿ 1 ಮಿಲಿಮೀಟರ್ ಮಳೆಗೆ ದೊರೆಯುವುದು 31 ಮಿಲಿಲೀಟರ್ ನೀರು. ಅಷ್ಟೂ ಸಿಗದ ದಿನ ಪಿಎಚ್ ಒಂದನ್ನಾದರೂ ನೋಡಿ, ಉಳಿದ ಅಂಕಣಗಳಲ್ಲಿ ‘ನೀರು ಸಾಲದು’ ಎಂದು ಬರೆಯಬೇಕೇ ಹೊರತು, ಮರುದಿನದ ಮಳೆಯನ್ನು ಅದೇ ಸೀಸೆಗೆ ಸುರಿಯಬಾರದು.