ಮದುವೆಯ ಡಿಸ್ಕಿನಲ್ಲಿ ‘ಸದರಿ’ ಚಿತ್ರಗಳು

ಹಳೆಯ ಮದುವೆಯ ಡಿವಿಡಿಯನ್ನು ಕಂಪ್ಯೂಟರಿಗೆ ಹಾಕಿ, ಧಾರೆಯ ಭಾಗವನ್ನಷ್ಟೇ ಕತ್ತರಿಸಿಕೊಳ್ಳಲು ಹೊರಟರೆ ಎಡಿಟಿಂಗ್ ಸಾಫ್ಟ್‌ವೇರ್ ಕಡತವನ್ನು ಒಪ್ಪುವುದಿಲ್ಲ, ಒಪ್ಪಿದರೂ ಧ್ವನಿ ಬರುವುದಿಲ್ಲ ಅಥವಾ ಚಿತ್ರ ತಡವರಿಸುತ್ತದೆ ಎಂಬುದು ಅನೇಕರ ದೂರು. ಟಿ.ವಿ.ಯಲ್ಲಿ ಸಲೀಸಾಗಿ ಓಡುವ ಡಿಸ್ಕ್ ಇಲ್ಲಿ ಮೊಂಡುಹಿಡಿಯಲು ಕಾರಣ, ಅದರಲ್ಲಿ ಚಿತ್ರಗಳನ್ನು ಬರೆದಿಟ್ಟಿರುವ ಕ್ರಮ.

ಭಾರತದಲ್ಲಿ ರೂಢಿಯಲ್ಲಿರುವ ಪಾಲ್ ಪದ್ಧತಿಯ ಡಿವಿಡಿಯಲ್ಲಿ ಪ್ರತಿ ಚಿತ್ರಕ್ಕೂ ಅಡ್ಡಲಾಗಿ 720, ಮೇಲಿಂದ ಕೆಳಕ್ಕೆ 576 ಬಿಂದುಗಳಿದ್ದು, ಸೆಕೆಂಡಿಗೆ ಇಂತಹ 25 ಚಿತ್ರಗಳು ಸಾಗುತ್ತವೆ. ಬಣ್ಣದ ವಿವರವನ್ನು ಕಾಲುಭಾಗಕ್ಕೆ ಇಳಿಸಿದ ಮೇಲೂ ಇವನ್ನು ಕುಗ್ಗಿಸದೆ ಬರೆದರೆ ಸೆಕೆಂಡಿಗೆ ಸುಮಾರು 15.5 ಮೆಗಾಬೈಟ್ ಬೇಕಾಗಿ, 4.7 ಗಿಗಾಬೈಟಿನ ಡಿಸ್ಕ್ ಐದೇ ನಿಮಿಷಕ್ಕೆ ತುಂಬಿಹೋಗುತ್ತದೆ. ಅದರಲ್ಲಿ ಒಂದೆರಡು ಗಂಟೆಯ ಚಿತ್ರ ಹಿಡಿಸುವುದು ‘ಎಂಪೆಗ್-2’ ಎಂಬ ಸಂಕೋಚನ ವಿಧಾನದಿಂದ.

ಈ ವಿಧಾನದ ಬುಡದಲ್ಲಿ ಬೆಂಗಳೂರಿನವರೊಬ್ಬರ ಗಣಿತವಿದೆ ಎಂಬುದು ಕನ್ನಡಿಗರಿಗೆ ಇನ್ನಷ್ಟು ತಿಳಿದಿರಬೇಕಾದ ಸಂಗತಿ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿ, ಇಲ್ಲಿಯ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಲ್ಲಿ ಓದಿ ಅಮೆರಿಕಕ್ಕೆ ತೆರಳಿದ ನಾಸಿರ್ ಅಹ್ಮದ್, 1972ರಲ್ಲಿ ಈ ಸಂಶೋಧನೆಗೆ ಅನುದಾನ ಕೋರಿದಾಗ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನ ಅದನ್ನು ನಿರಾಕರಿಸಿತು. ವಿಚಾರ ತೀರ ಸರಳವಾಯಿತೆಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತು. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಡನೆ ಅವರು 1974ರಲ್ಲಿ ಪ್ರಕಟಿಸಿದ ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿತ್ರದ ಎಂಟೆಂಟು ಬಿಂದುಗಳ ಚೌಕವನ್ನು ನಯವಾದ ಮತ್ತು ಒರಟಾದ ಅಲೆಗಳ ಮೊತ್ತವಾಗಿ ಬಿಡಿಸುತ್ತದೆ; ಕಣ್ಣು ಅಷ್ಟಾಗಿ ಗಮನಿಸದ ಒರಟು ಅಲೆಗಳನ್ನು ಕೈಬಿಟ್ಟರೆ ಉಳಿಯುವ ಅಂಕಿಗಳು ಬಹಳ ಕಡಿಮೆ.

ಎಡಿಟಿಂಗಿಗೆ ತೊಡಕಾಗುವುದು ಇದರ ಮೇಲೆ ನಡೆಯುವ ಎರಡನೆಯ ಉಳಿತಾಯ. ಹಳೆಯ ಜಮೀನುಪತ್ರದಲ್ಲಿ ಸರ್ವೆ ನಂಬರು, ಚಕ್ಕುಬಂದಿ, ಖಾತೆದಾರರ ಹೆಸರುಗಳನ್ನು ಮೊದಲ ಪುಟದಲ್ಲಿ ವಿವರವಾಗಿ ಬರೆದು, ಮುಂದಕ್ಕೆ ‘ಸದರಿ ಜಮೀನು’, ‘ಸದರಿಯವರು’ ಎಂದಷ್ಟೇ ನಮೂದಿಸುವಂತೆ, ಡಿವಿಡಿಯಲ್ಲಿ 12ರಿಂದ 15 ಚಿತ್ರಗಳಿಗೊಮ್ಮೆ ಮಾತ್ರ ಒಂದು ಚಿತ್ರ ಪೂರ್ಣವಾಗಿದ್ದು, ಉಳಿದವು ಹಿಂದಿನದಕ್ಕಿಂತ ಏನು ಬದಲಾಯಿತು ಎಂಬುದನ್ನಷ್ಟೇ ಹೇಳುತ್ತವೆ. ಕೆಲವಂತೂ ಹಿಂದಿನ ಪುಟದ ಜೊತೆಗೆ ಮುಂದಿನ ಪುಟವನ್ನೂ ನೋಡಿಕೊಂಡೇ ಅರ್ಥವಾಗುವಂಥವು. ಪತ್ರದ ಐದನೆಯ ಪುಟವನ್ನಷ್ಟೇ ಕಿತ್ತು ನೋಡಿದರೆ ಸದರಿ ಜಮೀನು ಯಾವುದೆಂದು ತಿಳಿಯದು. ತಾಳಿ ಕಟ್ಟುವ ಕ್ಷಣದಲ್ಲಿ ಕತ್ತರಿ ಹಾಕಿದಾಗಲೂ ಸಾಫ್ಟ್‌ವೇರ್ ಹಿಂದಿನ ಪೂರ್ಣ ಚಿತ್ರದವರೆಗೆ ಹೋಗಿ, ಅಲ್ಲಿಂದ ಲೆಕ್ಕ ಹಾಕುತ್ತ ಬರಬೇಕಾಗುತ್ತದೆ. ಅಕ್ಷತೆ ಬೀಳುವಾಗ ಪ್ರತಿ ಕಾಳೂ ಜಾಗ ಬದಲಿಸುವುದರಿಂದ ‘ಸದರಿ’ ಎನ್ನಲು ಹೆಚ್ಚೇನೂ ಉಳಿಯುವುದಿಲ್ಲ. ಮದುವೆಯ ಡಿಸ್ಕುಗಳಲ್ಲಿ ಸರಿಯಾಗಿ ಆ ಹೊತ್ತಿಗೇ ಚಿತ್ರ ಚೌಕಚೌಕವಾಗಿ ಒಡೆಯುವುದು ಇದರಿಂದಲೇ.

ಹೀಗಿರುವಾಗ ‘ಎಂಪಿ4 ಮಾಡಿಬಿಟ್ಟರೆ ಆಯಿತು’ ಎಂಬ ಪ್ರಚಲಿತ ಸಲಹೆ ಎಡಿಟಿಂಗಿನ ಮಟ್ಟಿಗೆ ಒಳ್ಳೆಯದಲ್ಲ. ಅದರಲ್ಲಿ ಸಾಮಾನ್ಯವಾಗಿ ಬಳಕೆಯಾಗುವ ಎಚ್.264 ವಿಧಾನ ಸದರಿಗಳ ಸಾಲನ್ನು ಇನ್ನೂ ಉದ್ದ ಮಾಡುತ್ತದೆ, ಎರಡನೆಯ ಸಲ ಕುಗ್ಗಿಸುವಾಗ ಇನ್ನಷ್ಟು ವಿವರವೂ ನಷ್ಟವಾಗುತ್ತದೆ. ಒಂದು ಕ್ಲಿಕ್ಕಿಗೆ ಎಚ್‌ಡಿ ಗುಣಮಟ್ಟ ಕೊಡುವುದಾಗಿ ಹೇಳುವ ಪರಿವರ್ತಕಗಳನ್ನಂತೂ ನಂಬಬೇಕಿಲ್ಲ, ಏಕೆಂದರೆ 576 ಗೆರೆಗಳಲ್ಲಿ ದಾಖಲಾಗದ ಮುಖದ ವಿವರ ಡಿಸ್ಕಿನಲ್ಲಿ ಎಲ್ಲಿಯೂ ಇಲ್ಲ.

ಉತ್ತಮ ಮಾರ್ಗವೆಂದರೆ ಮೊದಲು ಡಿಸ್ಕಿನ ‘ವಿಡಿಯೊ_ಟಿಎಸ್’ ಕೋಶವನ್ನು ಇಡಿಯಾಗಿ ಹಾರ್ಡ್ ಡಿಸ್ಕಿಗೆ ನಕಲಿಸಿಕೊಳ್ಳುವುದು. ಅದರೊಳಗಿನ ‘ವಾಬ್’ ಕಡತಗಳನ್ನು ದೃಶ್ಯಕ್ಕನುಗುಣವಾಗಿ ಬೇರ್ಪಡಿಸಿರುವುದಿಲ್ಲ. ಒಂದು ಗಿಗಾಬೈಟ್ ತುಂಬುತ್ತಲೇ ಮುಂದಿನ ಕಡತ ಆರಂಭವಾಗುವುದರಿಂದ ಮಂತ್ರದ ನಡುವೆಯೇ ತುಂಡಾಗಿರಬಹುದು. ಆದುದರಿಂದ ಅವನ್ನು ಕ್ರಮವಾಗಿ ಜೋಡಿಸಿ, ‘ಎಫ್‌ಎಫ್‌ಎಂಪೆಗ್’ನಂತಹ ಉಚಿತ ಸಾಧನದಿಂದ, ಪ್ರತಿ ಚಿತ್ರವೂ ಪೂರ್ಣವಾಗಿರುವ ‘ಪ್ರೊರೆಸ್’ನಂತಹ ರೂಪಕ್ಕೆ ಬದಲಿಸಬೇಕು. ಆಗ ಗಾತ್ರ ನಾಲ್ಕು ಪಟ್ಟೋ ಅದಕ್ಕೂ ಮಿಗಿಲೋ ಆಗುತ್ತದೆ, ಆದರೆ ಕತ್ತರಿ ಬೇಕಾದಲ್ಲಿ ಬೀಳುತ್ತದೆ. ಡಾಲ್ಬಿಯ ಎಸಿ-3 ರೂಪದಲ್ಲಿರುವ ಧ್ವನಿಯನ್ನು ಇದೇ ಹಂತದಲ್ಲಿ ಕುಗ್ಗಿಸದ ಪಿಸಿಎಂ ರೂಪಕ್ಕೆ ತಂದರೆ ಮೌನದ ತೊಂದರೆಯೂ ನೀಗುತ್ತದೆ.

ಆ ಮೇಲೂ ವಧುವಿನ ಕೈ ಸರಿದಾಗ ಅಂಚಿನಲ್ಲಿ ಬಾಚಣಿಗೆಯ ಹಲ್ಲುಗಳಂತಹ ಗೆರೆಗಳು ಕಂಡರೆ ಗಾಬರಿಪಡಬೇಕಿಲ್ಲ. ಹಳೆಯ ಟಿ.ವಿ.ಗಾಗಿ ಸಮ ಮತ್ತು ಬೆಸ ಗೆರೆಗಳನ್ನು ಸೆಕೆಂಡಿನ 50ನೆಯ ಒಂದು ಭಾಗದಷ್ಟು ಅಂತರದಲ್ಲಿ ಬೇರೆಬೇರೆಯಾಗಿ ಸೆರೆಹಿಡಿದಿರುವುದರಿಂದ, ಎರಡನ್ನೂ ಒಟ್ಟಿಗೆ ತೋರಿಸುವ ಕಂಪ್ಯೂಟರ್ ಪರದೆಯ ಮೇಲೆ ಒಂದೇ ಕೈ ಎರಡು ಕ್ಷಣಗಳಲ್ಲಿ ಇದ್ದ ಜಾಗಗಳು ಹೆಣೆದುಕೊಂಡು ಕಾಣುತ್ತವೆ.