ಕುಪ್ಪಸದಿಂದ ಕುಲಾವಿಯವರೆಗೆ

ಅನ್ನ, ಅರಿವೆ, ಆಸರೆ ಎಂದು ಹಿರಿಯರು ಮನುಷ್ಯನ ಅಗತ್ಯಗಳನ್ನು ಮೂರು ಮಾತಿನಲ್ಲಿ ಹೇಳಿದ್ದಾರೆ. ಇವುಗಳಲ್ಲಿ ಅರಿವೆಗೆ ನಡುವಣ ಸ್ಥಾನ. ಆದರೆ ಆಗತಾನೆ ಹುಟ್ಟಿದ ಕೂಸಿನ ಮಟ್ಟಿಗೆ ಅರಿವೆಯೇ ಮೊದಲನೆಯದು. ಏಕೆಂದರೆ ಹಾಲಿಗಿಂತಲೂ ಮುಂಚೆ ಅದಕ್ಕೆ ಬೇಕಾಗುವುದು ಮೈ ಒರೆಸಿ ಸುತ್ತುವ ಒಂದು ಒಣ ಬಟ್ಟೆ. ಆ ಬಟ್ಟೆಯನ್ನೂ, ಅದಕ್ಕೆ ಮೊದಲು ಗರ್ಭಿಣಿಯಾದವಳು ತೊಡತಕ್ಕ ಉಡುಪನ್ನೂ ಮನೆಯಲ್ಲಿಯೇ ಹೊಲಿದುಕೊಳ್ಳುವ ಬಗೆಯನ್ನು ಕುರಿತು ನಾಲ್ಕು ಮಾತು ಬರೆಯಬೇಕೆಂಬುದು ನನ್ನ ಅಪೇಕ್ಷೆ. ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಹೊಲಿಗೆಯ ವಿಷಯವೇ ಎಂದು ಕೆಲವು ಸೋದರರು ನಗಬಹುದು. ಆದರೆ ನಮ್ಮ ತರಗತಿಯ ಹಾಜರಿ ಪುಸ್ತಕದಲ್ಲಿ ಮದುವೆಯಾದ ವಿದ್ಯಾರ್ಥಿನಿಯರ ಹೆಸರುಗಳೂ ಇವೆ, ಅವರಲ್ಲಿ ನಾನೊಬ್ಬಳು. ಈ ಲೇಖನವನ್ನು ಬರೆಯುತ್ತಿರುವಾಗ ನನಗೆ ಆರು ತಿಂಗಳು ತುಂಬಿವೆ. ಅಂತಿಮ ಪರೀಕ್ಷೆಯ ಹೊತ್ತಿಗೆ ಎಂಟು ನಡೆಯುತ್ತಿರುತ್ತದೆ. ಆದ್ದರಿಂದ ಮೂರು ಗಂಟೆ ಬೆಂಚಿನ ಮೇಲೆ ಕುಳಿತು ಉತ್ತರ ಬರೆಯಲು ತಕ್ಕ ಉಡುಪು ಯಾವುದೆಂಬುದು ನನಗೆ ಕೇವಲ ಅಲಂಕಾರದ ಪ್ರಶ್ನೆಯಲ್ಲ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಈ ಐದು ಕಡೆಗಳಲ್ಲಿ ಗರ್ಭಿಣಿಗೆ ಮಾಡುವ ಶಾಸ್ತ್ರಕ್ಕೆ ಕುಪ್ಪಸದ ಶಾಸ್ತ್ರ, ಆಡುಮಾತಿನಲ್ಲಿ ಕುಬಸ, ಎಂದು ಹೆಸರು. ಬೇರೆ ಕಡೆ ಸೀಮಂತವೆನ್ನುವುದನ್ನು ನಮ್ಮಲ್ಲಿ ಒಂದು ಉಡುಪಿನ ಹೆಸರಿನಿಂದಲೇ ಕರೆಯುತ್ತಾರೆಂಬುದು ಗಮನಿಸತಕ್ಕ ಸಂಗತಿ. ಐದನೆಯ ಅಥವಾ ಏಳನೆಯ ತಿಂಗಳಿನಲ್ಲಿ ತವರಿನವರು ಹಸಿರು ಸೀರೆ, ಹಸಿರು ಬಳೆ, ಹಸಿರು ಕುಪ್ಪಸ ತಂದು ಉಡಿ ತುಂಬುತ್ತಾರೆ. ಅನುಕೂಲಸ್ಥರು ಇಳಕಲ್ಲಿನ ಸೀರೆ, ಗುಳೇದಗುಡ್ಡದ ಖಣ ತರುತ್ತಾರೆ. ನಮ್ಮ ಈ ಸೀಮೆ 1953ರ ಅಕ್ಟೋಬರ್ 1ರವರೆಗೆ ಮದ್ರಾಸಿಗೆ ಸೇರಿತ್ತು, ಆಮೇಲೆ ಮೈಸೂರಿಗೆ ಬಂದಿತು. ಹರಪನಹಳ್ಳಿಯು 1997ರಲ್ಲಿ ದಾವಣಗೆರೆಗೆ ಹೋಗಿ 2018ರಲ್ಲಿ ಬಳ್ಳಾರಿಗೆ ಮರಳಿತು. 2021ರಲ್ಲಿ ಐದೂ ವಿಜಯನಗರ ಜಿಲ್ಲೆಗೆ ಸೇರಿದವು. ಇಷ್ಟೆಲ್ಲ ಬದಲಾವಣೆಗಳಾದರೂ ಕುಪ್ಪಸದ ಶಾಸ್ತ್ರ ಮಾತ್ರ ನಡೆದುಕೊಂಡು ಬಂದಿದೆ. ಮೈ ಬೆಳೆಯುತ್ತಿರುವವಳಿಗೆ ಹಳೆಯ ಕುಪ್ಪಸ ಬಿಗಿಯಾಗುತ್ತದೆ, ಹೊಸದು ಬೇಕು ಎಂಬ ಸರಳ ತಿಳಿವಳಿಕೆಯೂ ಈ ಶಾಸ್ತ್ರದಲ್ಲಿ ಅಡಗಿರಬೇಕೆಂದು ನನಗೆ ತೋರುತ್ತದೆ.

ಗರ್ಭಿಣಿಯ ಉಡುಪು

ಸೀರೆಯು ಬೆಳೆಯುವ ಹೊಟ್ಟೆಗೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ಎರಡು ನಿರಿಗೆ ಕಡಿಮೆ ಹಿಡಿದರೆ ಆಯಿತು. ತೊಂದರೆ ಕೊಡುವುದು ಒಳಲಂಗದ ಲಾಡಿ. ದಾರದಂತಹ ಲಾಡಿಯನ್ನು ಬಿಗಿದು ಕಟ್ಟಿದರೆ ಅದು ಚರ್ಮವನ್ನು ಉಜ್ಜಿ ಕಪ್ಪು ಗೆರೆ ಬೀಳುತ್ತದೆ, ಹುಣ್ಣೂ ಆಗುತ್ತದೆ. ಲಾಡಿಯನ್ನು ತೆಗೆದು 3 ಇಂಚು ಅಗಲದ ಬಟ್ಟೆಯ ಪಟ್ಟಿಯನ್ನು ಹಚ್ಚಿ, ಅದನ್ನು ಹೊಟ್ಟೆಯ ಕೆಳಗೆ ಬರುವಂತೆ ಸಡಿಲವಾಗಿ ಕಟ್ಟಿಕೊಳ್ಳುವುದು ಲೇಸು. ಕುಪ್ಪಸ ಹೊಲಿಸುವಾಗ ಎರಡೂ ಪಕ್ಕದಲ್ಲಿ ಒಂದೂವರೆ ಇಂಚು ಬಟ್ಟೆಯನ್ನು ಒಳಗೆ ಬಿಡಲು ಹೇಳಬೇಕು. ತಿಂಗಳಿಗೊಮ್ಮೆ ಒಂದು ಸಾಲು ಹೊಲಿಗೆ ಬಿಚ್ಚಿದರೆ ಅದೇ ಕುಪ್ಪಸ ಬಾಣಂತನದವರೆಗೆ ಬರುತ್ತದೆ.

ಕಾಲೇಜಿಗೆ ಚೂಡಿದಾರ ತೊಡುವವರಿಗೆ ಈ ಕ್ರಮ ಅನುಕೂಲ. 36 ಇಂಚು ಅಗಲದ ಹತ್ತಿ ಬಟ್ಟೆ ಎರಡೂವರೆ ಮೀಟರು ಸಾಕು. ಎದೆಯ ಕೆಳಗಿನವರೆಗೆ ಒಂದು ಭಾಗ, ಅಲ್ಲಿಂದ ಕೆಳಕ್ಕೆ ಇನ್ನೊಂದು ಭಾಗವಾಗಿ ಕತ್ತರಿಸಬೇಕು. ಮೇಲಿನ ಭಾಗವನ್ನು ಎದೆಯ ಸುತ್ತಳತೆಗಿಂತ 4 ಇಂಚು ಹೆಚ್ಚಿಗೆ ಇಡಬೇಕು. ಎದೆ 34 ಇಂಚು ಇದ್ದರೆ ಮೇಲಿನ ಭಾಗ 38 ಆಗುತ್ತದೆ. ಕೆಳಗಿನ ಭಾಗವು ಅದರ ಒಂದೂವರೆ ಪಟ್ಟು, ಅಂದರೆ 57 ಇಂಚು. ಹೆಚ್ಚಿನದನ್ನು ನೆರಿಗೆ ಹಿಡಿದು ಮೇಲಿನದಕ್ಕೆ ಕೂಡಿಸಬೇಕು. ಹೊಟ್ಟೆಯು ಮುಂದಿನ ಅಂಚನ್ನು ಮೇಲಕ್ಕೆ ಎತ್ತುವುದರಿಂದ ಮುಂಭಾಗದ ಉದ್ದವನ್ನು ಹಿಂಭಾಗಕ್ಕಿಂತ 2 ಇಂಚು ಹೆಚ್ಚಿಗೆ ಇಡತಕ್ಕದ್ದು. ಮೇಲಿನ ಭಾಗದ ಮುಂದೆ ನಡುವೆ ಸೀಳಿ ಟಿಚ್ ಬಟನ್ ಹಚ್ಚಿದರೆ ಹೆರಿಗೆಯ ನಂತರ ಹಾಲೂಡಿಸಲಿಕ್ಕೂ ಅದೇ ಅಂಗಿ ಬರುತ್ತದೆ. ಹೀಗೆ ಒಂದೇ ಅಂಗಿ ವರ್ಷದವರೆಗೆ ಉಪಯೋಗಕ್ಕೆ ಬರುವುದರಿಂದ ಬಡವರಿಗೆ ಇದು ನಿಜವಾದ ಉಳಿತಾಯ. ನಾನು ಹೊಲಿದುಕೊಂಡ ಅಂಗಿಗೆ ಬಟ್ಟೆ, ದಾರ, ಬಟನ್ ಎಲ್ಲ ಸೇರಿ 340 ರೂಪಾಯಿ ತಗುಲಿತು. ಅದನ್ನು ತೊಟ್ಟು ಮೊದಲ ಬೆಂಚಿನಲ್ಲಿಯೇ ಕೂರುತ್ತೇನೆ. ಸೆರಗಿನಲ್ಲಿ ಹೊಟ್ಟೆ ಮುಚ್ಚಿಕೊಂಡು ಹಿಂದೆ ಸರಿಯಬೇಕಾದ ಕಾರಣ ಕಾಣಲಿಲ್ಲ.

ಕೂಸಿನ ಬಟ್ಟೆ

ನಮ್ಮ ಮನೆತನದಲ್ಲಿ ಪದವಿ ತರಗತಿಯ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಅವ್ವನಿಗೆ ಅಕ್ಷರ ಬಾರದು, ಅಳತೆಯ ಟೇಪನ್ನು ಓದಲೂ ಬಾರದು. ಆದರೆ ಆಕೆ ಗೇಣು, ಮೊಳ, ಬೆರಳುಗಳಲ್ಲಿ ಅಳೆದು ಕತ್ತರಿಸಿದ ಜಬಲ ಒಂದೂ ಕೆಟ್ಟಿದ್ದನ್ನು ನಾನು ಕಂಡಿಲ್ಲ. ಆಕೆಯ ಲೆಕ್ಕ ಹೀಗಿದೆ: ಮೈಯ ಅಗಲ ಒಂದು ಗೇಣು ಮತ್ತು ಒಂದು ಬೆರಳು, ಉದ್ದ ಒಂದು ಗೇಣು ಮತ್ತು ಮೂರು ಬೆರಳು, ತೋಳು ಐದು ಬೆರಳು. ಗೇಣೆಂದರೆ ಸುಮಾರು 9 ಇಂಚು, ಬೆರಳೆಂದರೆ ಮುಕ್ಕಾಲು ಇಂಚು. ಟೇಪು ಹಿಡಿದು ನೋಡಿದೆ: ಅಗಲ 10 ಇಂಚಿನ ಹತ್ತಿರ, ಉದ್ದ 11, ತೋಳು 4. ಹುಟ್ಟಿದ ಕೂಸಿನ ಎದೆಯ ಸುತ್ತಳತೆ ಸುಮಾರು 13 ಇಂಚು. ಈ ಜಬಲದ ಸುತ್ತು 20 ಇಂಚು. ಹಿಂದೆ ಒಂದರ ಮೇಲೊಂದು ಬರುವಂತೆ ಕಟ್ಟಲಿಕ್ಕೂ ಎರಡು ಮೂರು ತಿಂಗಳ ಬೆಳವಣಿಗೆಗೂ ಅದು ಸರಿಯಾಗಿ ಒದಗುತ್ತದೆ. ಪುಸ್ತಕದ ವಿದ್ಯೆಗೂ ಕೈಯ ವಿದ್ಯೆಗೂ ಜಗಳವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಒಂದು ಜಬಲಕ್ಕೆ 18 ಇಂಚು ಅಗಲ, 22 ಇಂಚು ಉದ್ದದ ತುಂಡು ಬೇಕು. ಅದನ್ನು ಅಡ್ಡಕ್ಕೆ ಮಡಚಿದರೆ ಭುಜದಲ್ಲಿ ಹೊಲಿಗೆಯೇ ಬೇಕಾಗುವುದಿಲ್ಲ. ಎರಡು ಮೀಟರಿನ ಹಳೆಯ ಪಂಚೆ ಎಲ್ಲಿಯೂ ಹರಿಯದಿದ್ದರೆ ಎಂಟು ಜಬಲಗಳು ಬರುತ್ತವೆ. ಸವೆದ ಜಾಗ ಬಿಟ್ಟರೂ ಐದಾರಕ್ಕೆ ಮೋಸವಿಲ್ಲ. ಹೊಲಿಗೆಯ ಒರಟು ಅಂಚನ್ನು ಹೊರಗಡೆಗೆ ಬಿಡಬೇಕು; ನೋಡಲು ಚಂದವಿರಲಿಕ್ಕಿಲ್ಲ, ಆದರೆ ಕೂಸಿನ ಚರ್ಮಕ್ಕೆ ಉಜ್ಜುವುದಿಲ್ಲ. ಗುಂಡಿ, ಪಿನ್ನು, ಮಣಿ, ಮಿಂಚು ಯಾವುದೂ ಬೇಡ; ಕಿತ್ತುಬಂದರೆ ಕೂಸಿನ ಬಾಯಿಗೆ ಹೋಗುತ್ತದೆ. ಕಟ್ಟುವ ಲಾಡಿ ಗಿಡ್ಡವಾಗಿರಬೇಕು, ಕುತ್ತಿಗೆಗೆ ಸುತ್ತಿಕೊಳ್ಳುವಷ್ಟು ಉದ್ದ ಇರಕೂಡದು.

ಲಂಗೋಟಿಗೆ ಹಳೆಯ ಹತ್ತಿ ಸೀರೆಯೇ ಶ್ರೇಷ್ಠ. ಐದೂವರೆ ಮೀಟರಿನ ಸೀರೆಯಲ್ಲಿ 22 ಇಂಚಿನ ಚೌಕಗಳು 18 ಬರುತ್ತವೆ. ಕೂಸು ದಿನಕ್ಕೆ ಹತ್ತು ಹನ್ನೆರಡು ಸಲ ಒದ್ದೆ ಮಾಡುವುದರಿಂದ ಎರಡು ಸೀರೆಯಾದರೂ ಬೇಕು. ಉಳಿದ ತುಂಡುಗಳನ್ನು ಪದರ ಪದರವಾಗಿ ಹಾಸಿ ಸಾಲು ಹೊಲಿಗೆ ಹಾಕಿದರೆ ಕೌದಿ. ಉತ್ತರ ಕನ್ನಡದ ಸಿದ್ದಿ ಜನರು ಇಂಥದನ್ನೇ ಕವಂದಿ ಎಂದು ಕರೆದು ಬಣ್ಣದ ತುಂಡುಗಳಿಂದ ಹೊಲಿಯುತ್ತಾರೆ.

ಇನ್ನು ಕುಲಾವಿ. 12 ಇಂಚು ಉದ್ದ, 5 ಇಂಚು ಅಗಲದ ಪಟ್ಟಿಯ ಒಂದು ಅಂಚನ್ನು ದಾರದಿಂದ ನೆರಿಗೆ ಎಳೆದು ಹಿಂದೆ ಕೂಡಿಸಿದರೆ ಕುಲಾವಿ ಸಿದ್ಧ. ಅದಕ್ಕೆ ಬೆನ್ನ ಮೇಲೆ ಇಳಿಯುವ ಬಟ್ಟೆ ಸೇರಿಸಿದರೆ ಕುಂಚಿಗೆ. ಕೂಸಿನ ತಲೆ ಅದರ ಮೈಗೆ ಹೋಲಿಸಿದರೆ ದೊಡ್ಡದು. ಹೀಗಾಗಿ ಮೈಯ ಕಾವು ತಲೆಯಿಂದ ಬಹಳ ಹೊರಟುಹೋಗುತ್ತದೆ. ಕೂಸಿನ ಮೈಯ ಬಿಸಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ಇರಬೇಕು. ಎರಡೂವರೆ ಕಿಲೋಗಿಂತ ಕಡಿಮೆ ತೂಕದ ಕೂಸಿಗೆ ಇದು ಪ್ರಾಣದ ಪ್ರಶ್ನೆ. ದಕ್ಷಿಣ ಅಮೆರಿಕದ ಕೊಲಂಬಿಯಾ ದೇಶದ ಬೊಗೊಟಾ ನಗರದಲ್ಲಿ 1978ರಲ್ಲಿ ವೈದ್ಯರು ಇಂಥ ಕೂಸುಗಳನ್ನು ತಾಯಿಯ ಬರಿಯ ಎದೆಗೆ ಬಟ್ಟೆಯಿಂದ ಕಟ್ಟುವ ಪದ್ಧತಿಯನ್ನು ಆರಂಭಿಸಿದರು. ಇಂದು ಅದನ್ನು ಕಾಂಗರೂ ಆರೈಕೆ ಎನ್ನುತ್ತಾರೆ. ಆಗ ಕೂಸಿನ ಮೈಮೇಲಿರುವುದು ಕುಲಾವಿ, ಲಂಗೋಟಿ, ಕಾಲುಚೀಲ ಇಷ್ಟೇ. ಅವ್ವ ಹೊಲಿಯುವ ಕುಲಾವಿಗೂ ಆಸ್ಪತ್ರೆಯಲ್ಲಿ ಇಂಥ ಕೆಲಸವಿದೆಯೆಂದು ತಿಳಿದು ನನಗೆ ಸಂತೋಷವಾಯಿತು. ಆದರೆ ಕೂಸನ್ನು ಒಂದೇ ಮಲಗಿಸುವಾಗ ಲಾಡಿಯ ಕುಲಾವಿಯನ್ನು ತೆಗೆಯಬೇಕು, ಅಂಗಾತ ಮಲಗಿಸಬೇಕು, ಮುಖದ ಬಳಿ ಸಡಿಲ ಕೌದಿ ಇಡಬಾರದು. ನಮ್ಮ ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಒಂದು ತೆಳು ಜಬಲವೇ ಸಾಕು. ಕುತ್ತಿಗೆಯ ಹಿಂದೆ ಮುಟ್ಟಿದಾಗ ಬೆವರಿದ್ದರೆ ಬಟ್ಟೆ ಹೆಚ್ಚಾಯಿತೆಂದು ತಿಳಿಯಬೇಕು.

ಎಚ್ಚರಿಕೆಯ ಮಾತು

ಹಳೆಯ ಬಟ್ಟೆ ಮೆತ್ತಗಿರುತ್ತದೆ ಎಂಬುದು ನಿಜ. ಆದರೆ ಅದು ಎಲ್ಲಿ ಇತ್ತು ಎಂಬುದನ್ನು ಕೇಳಬೇಕು. ಟ್ರಂಕಿನಲ್ಲಿ ಹುಳು ಬೀಳದಿರಲೆಂದು ನಾವು ಹಾಕುವ ಬಿಳಿಯ ನುಸಿಗುಳಿಗೆಗಳಲ್ಲಿ ನ್ಯಾಫ್ತಲೀನ್ ಎಂಬ ವಸ್ತು ಇರುತ್ತದೆ. ಕೆಲವು ಕೂಸುಗಳ ರಕ್ತದಲ್ಲಿ ಜಿ6ಪಿಡಿ ಎಂಬ ಒಂದು ಕಿಣ್ವ ಹುಟ್ಟಿನಿಂದಲೇ ಕಡಿಮೆಯಿರುತ್ತದೆ. ನೋಡಿದರೆ ಅದು ತಿಳಿಯುವುದಿಲ್ಲ. ಅಂಥ ಕೂಸಿಗೆ ಗುಳಿಗೆಯ ವಾಸನೆ ಹಿಡಿದ ಬಟ್ಟೆ ಹೊದಿಸಿದರೆ ರಕ್ತದ ಕೆಂಪು ಕಣಗಳು ಒಡೆದು ಕಾಮಾಲೆ ಏರುತ್ತದೆ. ಕಾಮಾಲೆ ಮಿತಿಮೀರಿದರೆ ಮಿದುಳಿಗೆ ಶಾಶ್ವತ ಹಾನಿ, ಸಾವೂ ಉಂಟು. ಆದುದರಿಂದ ಕೂಸಿನ ಬಟ್ಟೆಗಳಲ್ಲಿ ಈ ಗುಳಿಗೆಯನ್ನು ಎಂದೂ ಇಡಬಾರದು. ಇಟ್ಟಿದ್ದ ಬಟ್ಟೆಯನ್ನು ಕೂಸಿಗೆ ಬಳಸದಿರುವುದೇ ಕ್ಷೇಮ. ಉಳಿದ ಎಲ್ಲ ಬಟ್ಟೆಗಳನ್ನೂ, ಅಂಗಡಿಯಿಂದ ತಂದ ಹೊಸದನ್ನೂ ಸಹ, ಸೋಪಿನಿಂದ ಒಗೆದು ಚೆನ್ನಾಗಿ ಜಾಲಿಸಿ, ಬಿಸಿಲಿನಲ್ಲಿ ಒಣಗಿಸಿ, ಆಮೇಲೆ ಉಪಯೋಗಿಸತಕ್ಕದ್ದು.

ಹೊಲಿಯುವವಳೂ ತನ್ನ ಮೈಯನ್ನು ನೋಡಿಕೊಳ್ಳಬೇಕು. ಅಮೆರಿಕದಲ್ಲಿ ಹೋವ್ 1846ರಲ್ಲಿ, ಸಿಂಗರ್ 1851ರಲ್ಲಿ ಹೊಲಿಗೆಯ ಯಂತ್ರಗಳಿಗೆ ಪೇಟೆಂಟ್ ಪಡೆದರು. ಅಂದಿನಿಂದ ಕೆಲಸ ಬೇಗ ಸಾಗುತ್ತದೆ, ಆದರೆ ಕುಳಿತಲ್ಲಿಯೇ ಕುಳಿತು ಕಾಲಿನಿಂದ ತುಳಿಯುವ ಕೆಲಸ ಗರ್ಭಿಣಿಯ ಬೆನ್ನಿಗೆ ಹಿತವಲ್ಲ. ಅರ್ಧ ಗಂಟೆಗೊಮ್ಮೆ ಎದ್ದು ಅಂಗಳದಲ್ಲಿ ನಾಲ್ಕು ಹೆಜ್ಜೆ ಹಾಕಬೇಕು. ಸಂಜೆಗೆ ಪಾದ ಸ್ವಲ್ಪ ಬಾವುವುದು ಸಾಮಾನ್ಯ. ಮುಖ, ಕೈ ಇದ್ದಕ್ಕಿದ್ದಂತೆ ಬಾತು, ತಲೆನೋವು ಬಂದು, ಕಣ್ಣು ಮಂಜಾದರೆ ಅದು ಹೊಲಿಗೆಯ ಆಯಾಸವಲ್ಲ, ರಕ್ತದೊತ್ತಡದ ಚಿಹ್ನೆಯಾಗಿರಬಹುದು. ತಾಯಿ ಕಾರ್ಡ್ ಹಿಡಿದು ಕೂಡಲೇ ಆಸ್ಪತ್ರೆಗೆ ಹೋಗಬೇಕು.

ಒಂದು ನಂಬಿಕೆ

ಕೂಸು ಹುಟ್ಟುವ ಮುನ್ನ ಅದರ ಬಟ್ಟೆ ಹೊಲಿಯಬಾರದೆಂಬ ನಂಬಿಕೆ ನಮ್ಮ ಅನೇಕ ಮನೆಗಳಲ್ಲಿದೆ. ನಮ್ಮ ಅತ್ತೆಯವರೂ, "ಕೂಸು ಕೈಗೆ ಬರೋ ಮುಂಚೆ ಅಂಗಿ ಹೊಲಿಬ್ಯಾಡವ್ವ" ಎಂದರು. ಇದನ್ನು ಮೂಢನಂಬಿಕೆಯೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ 1971ರಲ್ಲಿ ಭಾರತದಲ್ಲಿ ಹುಟ್ಟಿದ ಸಾವಿರ ಕೂಸುಗಳಲ್ಲಿ 129 ವರ್ಷ ತುಂಬುವ ಮೊದಲೇ ತೀರಿಹೋಗುತ್ತಿದ್ದವು. ಹೊಲಿದಿಟ್ಟ ಅಂಗಿಯನ್ನು ತೊಡುವ ಕೂಸಿಲ್ಲದೆ ನೋಡುವ ಸಂಕಟವನ್ನು ಎಷ್ಟೋ ತಾಯಂದಿರು ಪಟ್ಟಿರಬೇಕು. ಆ ದುಃಖದಿಂದ ಹುಟ್ಟಿದ ಕಟ್ಟಳೆ ಇದು. ನಮ್ಮ ಅತ್ತೆಯವರೂ ಎರಡು ಕೂಸುಗಳನ್ನು ಕಳೆದುಕೊಂಡವರು. 2020ರ ಹೊತ್ತಿಗೆ ಕರ್ನಾಟಕದಲ್ಲಿ ಆ ಸಂಖ್ಯೆ ಸಾವಿರಕ್ಕೆ 19ಕ್ಕೆ ಇಳಿಯಿತು. ಲಸಿಕೆ, ಆಸ್ಪತ್ರೆಯ ಹೆರಿಗೆ, ತಾಯಂದಿರ ಓದು ಇವೆಲ್ಲ ಅದಕ್ಕೆ ಕಾರಣ. ಹೆರಿಗೆ ಆಸ್ಪತ್ರೆಯಲ್ಲಿಯೇ ಆಗುವುದರಿಂದ ಒಗೆದು ಗಂಟು ಕಟ್ಟಿದ ಬಟ್ಟೆ ಮೊದಲೇ ಸಿದ್ಧವಿರುವುದೂ ಅವಶ್ಯ. ನಾನು ವಾದಕ್ಕೆ ಹೋಗಲಿಲ್ಲ. "ಅತ್ತೆ, ಹೊಸ ಬಟ್ಟೆ ಮುಟ್ಟೋದಿಲ್ಲ, ಹಳೇ ಪಂಚೆದು ಹೊಲಿತೀನಿ. ಲಾಡಿ ಮಾತ್ರ ಕೂಸು ಹುಟ್ಟಿದ ಮ್ಯಾಲೆ ನೀವೇ ಹಚ್ಚಿರಿ" ಎಂದೆ. ಅವರು ಒಂದು ಗಳಿಗೆ ಸುಮ್ಮನಿದ್ದು, ಮಾವನವರ ಪಂಚೆಯೊಂದನ್ನು ತಾವೇ ತಂದು ಕೊಟ್ಟರು.

ಹೊಲಿಗೆಯು ಕೀಳು ಕೆಲಸವಲ್ಲ. 12ನೆಯ ಶತಮಾನದ ಶರಣರಲ್ಲಿ ಸೂಜಿಕಾಯಕದ ರಾಮಿತಂದೆ ಎಂಬವರಿದ್ದರು. ನೂಲುವ ಕದಿರ ರೆಮ್ಮವ್ವೆ ವಚನಗಳನ್ನು ಬರೆದಳು. ನಮ್ಮ ತಾಲ್ಲೂಕುಗಳ ತಾಂಡಾಗಳಲ್ಲಿ ಲಂಬಾಣಿ ತಾಯಂದಿರ ಸೂಜಿಯ ಕೈಚಳಕ ಎಲ್ಲರೂ ಬಲ್ಲದ್ದು. ಆದರೆ ಸೂಜಿ ಹಿಡಿದವಳು ಪುಸ್ತಕ ಬಿಡಬೇಕಾಗಿಲ್ಲ. ವಿಶ್ವವಿದ್ಯಾಲಯ ಧನಸಹಾಯ ಆಯೋಗವು 2021ರ ಡಿಸೆಂಬರಿನಲ್ಲಿ, ವಿದ್ಯಾರ್ಥಿನಿಯರಿಗೆ ಹೆರಿಗೆಯ ರಜೆ ಮತ್ತು ಹಾಜರಿಯಲ್ಲಿ ರಿಯಾಯಿತಿ ದೊರೆಯುವಂತೆ ನಿಯಮಗಳನ್ನು ಮಾಡಲು ವಿಶ್ವವಿದ್ಯಾಲಯಗಳಿಗೆ ಬರೆಯಿತು. ಮದುವೆಯಾಯಿತು, ಬಸುರಾಯಿತು ಎಂದು ಎರಡನೆಯ ವರ್ಷದಲ್ಲಿಯೇ ಹೆಸರು ತೆಗೆಸಿಕೊಳ್ಳುವ ನನ್ನ ಸೋದರಿಯರು ಈ ಸಂಗತಿಯನ್ನು ಅರಿತು, ಪ್ರಾಂಶುಪಾಲರ ಕೋಣೆಗೆ ಹೋಗಿ ಧೈರ್ಯವಾಗಿ ಕೇಳಬೇಕು. ಎರಡೂವರೆ ಮೀಟರು ಬಟ್ಟೆ, ಒಂದು ಹಳೆಯ ಪಂಚೆ, ಎರಡು ಸೀರೆ, ಒಂದು ಅರ್ಜಿ: ಪದವಿಯನ್ನೂ ಕೂಸನ್ನೂ ಒಟ್ಟಿಗೆ ಎದುರುಗೊಳ್ಳಲು ನನ್ನಲ್ಲಿರುವ ಸಿದ್ಧತೆ ಇಷ್ಟೇ. ಇದು ಇನ್ನೊಬ್ಬಳಿಗೆ ಉಪಯೋಗವಾದರೆ ಬರೆದದ್ದು ಸಾರ್ಥಕ.